ಮೂರು ಕೈಗೊಂದು ಉಸಿರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಬೇಕಾದರೂ ಭಾನುವಾರ ಬೆಳಿಗ್ಗೆ ಹೋಗಿ ನಿಂತ್ಕೊಳ್ಳಿ, ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. "ಸರ್, ಮೂರು ಕೈಗೊಂದು ಉಸಿರು. ಒಂದು, ಎರಡು, ಮೂರು, ತಲೆ ತಿರುಗಿಸಿ." ಹೊಸದಾಗಿ ಫ್ರೀಸ್ಟೈಲ್ ಕಲಿಯುತ್ತಿರುವ, ಮೂವತ್ತು ದಾಟಿದ ದೇಹ ಎರಡನೇ ಕೈಗೇ ಗಾಳಿ ಬೇಕು ಅಂತ ಕೂಗ್ತಿರುತ್ತೆ. ಆದರೆ ಮೂರು ಅಂದಿದ್ದಾರಲ್ಲ, ತಡ್ಕೋಬೇಕು. ಅರ್ಧ ಕೊಳ ದಾಟುವಷ್ಟರಲ್ಲಿ ಏದುಸಿರು ಬಂದು, ದಂಡೆ ಹಿಡ್ಕೊಂಡು ನಿಂತು, ನನಗೆ ಸ್ಟ್ಯಾಮಿನಾ ಇಲ್ಲ ಬಿಡಿ ಅಂತ ನಮಗೆ ನಾವೇ ತೀರ್ಪು ಕೊಟ್ಕೊಳ್ತೀವಿ.

ಸ್ಟ್ಯಾಮಿನಾ ಆಮೇಲೆ ನೋಡೋಣ, ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮಂಥ ಸಾಧಾರಣ ಈಜುಗಾರರು ನಿಮಿಷಕ್ಕೆ ಸುಮಾರು 60 ಸಲ ಕೈ ಬೀಸ್ತೀವಿ ಅಂತ ಇಟ್ಕೊಳ್ಳಿ. ಎರಡು ಕೈಗೊಂದು ಉಸಿರಾದರೆ ನಿಮಿಷಕ್ಕೆ 30 ಉಸಿರು. ಮೂರಕ್ಕೊಂದಾದರೆ 20. ಐದಕ್ಕೊಂದಾದರೆ 12. ಈಗ ಕುರ್ಚಿಯಲ್ಲಿ ಆರಾಮಾಗಿ ಕೂತು ಇದನ್ನು ಓದುತ್ತಿರುವ ನೀವು ನಿಮಿಷಕ್ಕೆ ಹೆಚ್ಚುಕಡಿಮೆ 12ರಿಂದ 16 ಸಲ ಉಸಿರಾಡ್ತಿದೀರಿ. ಬಸ್ ಹಿಡಿಯೋಕೆ ಜೋರಾಗಿ ಓಡಿದರೆ 40 ಮುಟ್ಟುತ್ತೆ. ಅಂದರೆ ಐದು ಕೈಗೊಂದು ಉಸಿರು ಅಂತ ಈಜುವವರು ಓಡುವವನ ಕೆಲಸ ಮಾಡ್ತಾ ಕೂತವನ ಉಸಿರಲ್ಲಿ ಬದುಕೋಕೆ ನೋಡ್ತಿದಾರೆ. ಮೂರಕ್ಕೊಂದು ಅನ್ನೋದೂ ಧಾರಾಳವೇನಲ್ಲ.

ಹಾಗಾದರೆ ಈ ಮೂರು ಬಂದಿದ್ದೆಲ್ಲಿಂದ? ಹಳೇ ಪ್ರಾಜೆಕ್ಟಿಗೆ ಹೊಸದಾಗಿ ಸೇರಿದಾಗ ಕೋಡಿನ ಮಧ್ಯೆ ಯಾರೋ ಬರೆದಿಟ್ಟು ಹೋದ ಒಂದು ಸಂಖ್ಯೆ ಕಣ್ಣಿಗೆ ಬೀಳುತ್ತಲ್ಲ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ತೆಗೆಯೋಕೆ ಯಾರಿಗೂ ಧೈರ್ಯ ಇಲ್ಲ, ಆ ಥರದ್ದೇ ಇದು. ಬೇರು ಹುಡುಕಿಕೊಂಡು ಹೋದರೆ ಕಥೆ ಲಂಡನ್ನಿಗೆ ಹೋಗುತ್ತೆ.

1844. ಲಂಡನ್ನಿನ ಹೈ ಹೋಲ್ಬಾರ್ನ್‌ನಲ್ಲಿದ್ದ ಸ್ನಾನಕೊಳದಲ್ಲಿ ಒಂದು ಸ್ಪರ್ಧೆ. ಈಜಿದವರು ಉತ್ತರ ಅಮೆರಿಕದ ಒಜಿಬ್ವೆ ಬುಡಕಟ್ಟಿನ ಇಬ್ಬರು. ಇಂಗ್ಲಿಷರ ಬಾಯಲ್ಲಿ ಅವರ ಹೆಸರು ಫ್ಲೈಯಿಂಗ್ ಗಲ್ ಮತ್ತು ಟೊಬ್ಯಾಕೊ. ಜನರಿಗೆ ತೋರಿಸೋಕೆ ಅಂತ, ಪ್ರದರ್ಶನದ ವಸ್ತುಗಳ ಹಾಗೆ ಅವರ ತಂಡವನ್ನು ಹಡಗಿನಲ್ಲಿ ಕರೆತಂದಿದ್ದರು. 130 ಅಡಿ ಉದ್ದದ ಕೊಳವನ್ನು ಗೆದ್ದವನು ಸುಮಾರು 30 ಸೆಕೆಂಡಿನಲ್ಲಿ ದಾಟಿಬಿಟ್ಟ. ಗಾಳಿಯಂತ್ರದ ರೆಕ್ಕೆಗಳ ಹಾಗೆ ಕೈ ಬೀಸ್ತಾರೆ, ಕಾಲಲ್ಲಿ ನೀರು ಬಡೀತಾರೆ, ಯುರೋಪಿನವರ ರೀತಿಯೇ ಅಲ್ಲ ಅಂತ ಪತ್ರಿಕೆಯವರು ಮೂಗು ಮುರಿದರು. ಎಷ್ಟು ಬೇಗ ಹೋದರು ಅನ್ನೋದಕ್ಕಿಂತ ಎಷ್ಟು ನೀರು ಎರಚಿದರು ಅನ್ನೋದೇ ದೊಡ್ಡ ವಿಷಯ ಆಯ್ತು.

ಆಗ ಸಭ್ಯಸ್ಥರ ಈಜು ಅಂದರೆ ಬ್ರೆಸ್ಟ್‌ಸ್ಟ್ರೋಕ್, ನಮ್ಮ ಮಾತಲ್ಲಿ ಕಪ್ಪೆ ಈಜು. ತಲೆ ನೀರಿನ ಮೇಲೆ, ಮುಖ ಒಣ, ಮಾತಾಡ್ತಾ ಈಜಬಹುದು. 1875ರಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು ಮೊದಲ ಸಲ ಈಜಿ ದಾಟಿದ್ದೂ ಇದರಲ್ಲೇ, 21 ಗಂಟೆ 45 ನಿಮಿಷ. ಹೋಲ್ಬಾರ್ನ್‌ನಲ್ಲಿ ಕಣ್ಣಾರೆ ಕಂಡ ವೇಗವನ್ನು ಆ ದೇಶ ಮೂವತ್ತು ವರ್ಷ ಪಕ್ಕಕ್ಕಿಟ್ಟು ಕೂತಿತ್ತು. ಬೇಗ ಹೋಗೋದು ಗೊತ್ತಾದ ಮೇಲೂ ನಿಧಾನವಾಗೇ ಹೋಗ್ತೀನಿ ಅನ್ನೋದಕ್ಕೆ ಕಾರಣ ವಿಜ್ಞಾನ ಅಲ್ಲ, ಗತ್ತು.

1873ರಲ್ಲಿ ಜಾನ್ ಟ್ರಡ್ಜನ್ ಅನ್ನೋ ಇಂಗ್ಲಿಷಿನವನು ಲಂಡನ್ನಿನಲ್ಲಿ ಎರಡೂ ಕೈಯನ್ನು ನೀರಿನ ಮೇಲಿಂದ ಬೀಸ್ತಾ ಈಜಿ ತೋರಿಸಿದ. ಚಿಕ್ಕಂದಿನಲ್ಲಿ ದಕ್ಷಿಣ ಅಮೆರಿಕದಲ್ಲಿದ್ದಾಗ ಕಲಿತಿದ್ದು. ಇಂಗ್ಲಿಷಿನವನೇ ತಂದಿದ್ದರಿಂದ ಈ ಸಲ ಒಪ್ಪಿಗೆ ಸಿಕ್ಕಿತು, ಅವನ ಹೆಸರನ್ನೇ ಆ ಈಜಿಗೆ ಇಟ್ಟರು. ಆದರೆ ಅವನ ಮುಖವೂ ನೀರಿನ ಮೇಲೇ ಇತ್ತು. ಕಾಲು ಕತ್ತರಿಯ ಹಾಗೆ ಆಡ್ತಿತ್ತು. ಎಷ್ಟು ಕೈಗೊಂದು ಉಸಿರು ಅಂತ ಟ್ರಡ್ಜನ್‌ನನ್ನು ಕೇಳಿದ್ದರೆ ಅವನಿಗೆ ಪ್ರಶ್ನೆಯೇ ಅರ್ಥ ಆಗ್ತಿರಲಿಲ್ಲ. ಮೂಗು ಬಾಯಿ ಎರಡೂ ಗಾಳಿಯಲ್ಲೇ ಇರುವಾಗ ಉಸಿರು ಎಣಿಸೋರು ಯಾರು?

ನಮ್ಮೂರಿನ ಬಾವಿಯಲ್ಲೂ ಹಾಗೇ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಕೊಂಡು ಕಲಿತ ನಮಗೆಲ್ಲ ತಲೆ ಎತ್ತಿ ಈಜೋದೇ ಈಜು. ಮುಖ ಮುಳುಗಿಸಿದರೆ ಮುಂದೆ ತೇಲಿ ಬರೋದು ಒಣಗಿದ ಗರಿಯೋ ನೀರುಹಾವೋ ಗೊತ್ತಾಗಬೇಕಲ್ಲ. ಹಾಗೆ ಈಜಿದರೆ ಬಾವಿ ಸುತ್ತ ಹತ್ತು ಸುತ್ತು ಬರಬಹುದು, ಕತ್ತು ನೋಯುತ್ತೆ, ವೇಗ ಬರಲ್ಲ. ಕಾರಣ ಸರಳ. ತಲೆ ಎತ್ತಿದರೆ ಸೊಂಟ ಇಳಿಯುತ್ತೆ, ಕಾಲು ಇಳಿಯುತ್ತೆ, ದೇಹ ಹಲಗೆಯ ಹಾಗೆ ಜಾರೋ ಬದಲು ಓರೆಯಾಗಿ ನಿಂತು ನೀರನ್ನು ತಳ್ಳುತ್ತೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅಲ್ಲಿ ಒಂದಿಷ್ಟು ಓರೆಯಾದರೂ ದಂಡ ಕಟ್ಟಬೇಕು.

ಮುಖ ನೀರಿಗಿಳಿಯೋ ಕಥೆಗೆ ಸಿಡ್ನಿಗೆ ಹೋಗಬೇಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿನ ಬ್ರಾಂಟಿ ಕಡಲಕೊಳದಲ್ಲಿ ಸಾಲೊಮನ್ ದ್ವೀಪಗಳಿಂದ ಬಂದ ಅಲಿಕ್ ವಿಕಮ್ ಅನ್ನೋ ಹುಡುಗ ಈಜ್ತಿದ್ದ. ಅವನ ದ್ವೀಪದ ಮಕ್ಕಳೆಲ್ಲ ಈಜೋ ಹಾಗೇ ಈಜಿದ, ಅಷ್ಟೆ. ಅದನ್ನು ನೋಡಿದ ತರಬೇತುದಾರನೊಬ್ಬ, ನೋಡ್ರೋ ಆ ಹುಡುಗ ಹೆಂಗೆ ತೆವಳ್ತಿದಾನೆ ಅಂತ ಕೂಗಿದನಂತೆ. ತೆವಳೋದು ಅಂದರೆ ಇಂಗ್ಲಿಷಿನಲ್ಲಿ ಕ್ರಾಲ್. ಹೆಸರು ಬಂದಿದ್ದು ಹೀಗೆ ಅನ್ನೋದು ಕಥೆ. ಅದೇ ಊರಿನ ಕ್ಯಾವಿಲ್ ಮನೆತನದ ಅಣ್ಣತಮ್ಮಂದಿರು ಈ ಈಜನ್ನು ತಿದ್ದಿ ತೀಡಿದರು. ಅವರಲ್ಲೊಬ್ಬ, ಡಿಕ್ ಕ್ಯಾವಿಲ್, 1902ರಲ್ಲಿ ಇಂಗ್ಲೆಂಡಿಗೆ ಹೋಗಿ 100 ಗಜವನ್ನು ಒಂದು ನಿಮಿಷದ ಒಳಗೆ ಈಜಿಬಿಟ್ಟ. ಆಗ ಎಲ್ಲರ ಬಾಯಲ್ಲೂ ಆಸ್ಟ್ರೇಲಿಯನ್ ಕ್ರಾಲ್. ಸಾಲೊಮನ್ ಕ್ರಾಲ್ ಅಂತ ಯಾರೂ ಕರೀಲಿಲ್ಲ. ಸಂಶೋಧನೆ ಒಬ್ಬರದು, ಪೇಟೆಂಟ್ ಇನ್ನೊಬ್ಬರದು, ಇದು ನಮಗೇನು ಹೊಸದಲ್ಲ ಬಿಡಿ.

ಇಲ್ಲೊಂದು ಮಾತು. ಫ್ರೀಸ್ಟೈಲ್ ಅನ್ನೋದು ಒಂದು ಈಜಿನ ಹೆಸರಲ್ಲ, ಸ್ಪರ್ಧೆಯ ಹೆಸರು. ಹೇಗೆ ಬೇಕಾದರೂ ಈಜಿ ಅಂತ ಅರ್ಥ. ಹೇಗೆ ಬೇಕಾದರೂ ಅಂದಾಗ ಎಲ್ಲರೂ ಕ್ರಾಲನ್ನೇ ಈಜಿದರು, ಯಾಕೆಂದರೆ ಅದಕ್ಕಿಂತ ಬೇಗ ಹೋಗೋದು ಬೇರೆ ಇರಲಿಲ್ಲ. ಹಾಗಾಗಿ ಎರಡೂ ಹೆಸರು ಬೆರೆತು ಒಂದಾಗಿಬಿಟ್ಟವು.

ಕ್ರಾಲ್ ಬಂದ ಮೇಲೇ ಉಸಿರು ಒಂದು ಸಮಸ್ಯೆಯಾಗಿದ್ದು. ಮುಖ ಕೆಳಗಿದ್ದರೆ ವೇಗ, ಮೇಲಿದ್ದರೆ ಗಾಳಿ. ಎರಡೂ ಬೇಕು. ದಾರಿ ನಿಧಾನಕ್ಕೆ ಸಿಕ್ಕಿತು. ತಲೆ ಎತ್ತಬೇಡ, ಪಕ್ಕಕ್ಕೆ ತಿರುಗಿಸು. ಇದರಲ್ಲಿ ಒಂದು ಸೊಗಸಾದ ಭೌತಶಾಸ್ತ್ರ ಇದೆ. ಮುಂದೆ ಹೋಗುವ ತಲೆ ದೋಣಿಯ ಮೂತಿಯ ಹಾಗೆ ಒಂದು ಸಣ್ಣ ಅಲೆ ಎಬ್ಬಿಸುತ್ತೆ. ಆ ಅಲೆಯ ಹಿಂದೆಯೇ, ಸರಿಯಾಗಿ ಕೆನ್ನೆಯ ಪಕ್ಕದಲ್ಲಿ, ನೀರು ತಗ್ಗಾಗುತ್ತೆ. ಸುತ್ತಲಿನ ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ಗಾಳಿಯ ಗುಂಡಿ. ಒಳ್ಳೇ ಈಜುಗಾರರ ಫೋಟೊ ನೋಡಿ, ಒಂದು ಕಣ್ಣು ನೀರಲ್ಲೇ ಇರುತ್ತೆ, ಅರ್ಧ ಬಾಯಿ ಮಾತ್ರ ಹೊರಗೆ. ಉಸಿರು ತಗೊಳ್ಳೋದು ಆ ಗುಂಡಿಯಿಂದ. ಹೆದರಿಕೊಂಡು ತಲೆಯನ್ನು ಮೇಲೆತ್ತಿದವರಿಗೆ ಆ ಗುಂಡಿಯೂ ಸಿಗಲ್ಲ, ಮುಳುಗುತ್ತಿರೋ ಸೊಂಟದ ದಂಡ ಬೇರೆ.

ಪೂರ್ತಿ ಮುಖ ಮುಳುಗಿಸಲೇಬೇಕು ಅಂತಾನೂ ಇತಿಹಾಸ ಹೇಳಲ್ಲ, ಅದೇ ತಮಾಷೆ. ಜಾನಿ ವೈಸ್‌ಮುಲ್ಲರ್‌ನನ್ನು ನೋಡಿ. ನಮ್ಮ ಅಜ್ಜಂದಿರಿಗೆ ಅವನು ಸಿನಿಮಾದ ಟಾರ್ಜನ್. ಅದಕ್ಕೆ ಮೊದಲು, 1922ರ ಜುಲೈನಲ್ಲಿ, 100 ಮೀಟರನ್ನು 58.6 ಸೆಕೆಂಡಿನಲ್ಲಿ ಈಜಿ ಒಂದು ನಿಮಿಷದ ಗೋಡೆ ಒಡೆದ ಮೊದಲ ಮನುಷ್ಯ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಅದಕ್ಕೆ ಹಿಂದಿನ ಎರಡು ಒಲಿಂಪಿಕ್ಸ್ ಗೆದ್ದಿದ್ದ ಹವಾಯಿಯ ಡ್ಯೂಕ್ ಕಹಾನಮೋಕುವನ್ನು ಸೋಲಿಸಿದವನು. ಇಂಥವನು ಈಜ್ತಿದ್ದಿದ್ದು ಎದೆ ಎತ್ತಿ, ತಲೆ ಎತ್ತರದಲ್ಲಿಟ್ಟುಕೊಂಡು. ಇವತ್ತಿನ ಕೋಚ್‌ಗಳು ನೋಡಿದರೆ ತಲೆ ಇಳಿಸಯ್ಯಾ ಅಂತ ಬೈತಿದ್ದರು. ಆದರೆ ಅವನ ಒದೆತದ ಶಕ್ತಿಗೆ ದೇಹ ನೀರಿನ ಮೇಲೆ ನಿಲ್ಲುತ್ತಿತ್ತು, ಗಾಳಿ ಅವನಿಗೆ ಯಾವತ್ತೂ ಕೊರತೆ ಆಗಲಿಲ್ಲ.

ಈಗ ಈಜುಕೊಳ ಬಿಟ್ಟು ಆಕ್ಸ್‌ಫರ್ಡಿಗೆ ಹೋಗೋಣ, ಯಾಕೆಂದರೆ ಉಸಿರು ಯಾಕೆ ಬೇಕು ಅನ್ನೋದಕ್ಕೆ ಉತ್ತರ ಸಿಕ್ಕಿದ್ದು ಕೊಳದಲ್ಲಲ್ಲ. ಜಾನ್ ಸ್ಕಾಟ್ ಹಾಲ್ಡೇನ್ ಅನ್ನೋ ಶರೀರವಿಜ್ಞಾನಿ ಅಲ್ಲಿದ್ದ. (ಇವನ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲೇ ನೆಲೆಸಿದ ವಿಜ್ಞಾನಿ.) ಅಪ್ಪ ಹಾಲ್ಡೇನ್‌ಗೆ ಕೆಟ್ಟ ಗಾಳಿಯ ಹುಚ್ಚು. ಗಣಿಗಳಿಗೆ ಇಳಿಯೋನು, ಸಣ್ಣ ಪೆಟ್ಟಿಗೆಯಂಥ ಕೋಣೆಯಲ್ಲಿ ತನ್ನನ್ನೇ ಕೂಡಿಹಾಕಿಕೊಂಡು ಗಾಳಿ ಕೆಡ್ತಾ ಹೋದ ಹಾಗೆ ತನಗೇನಾಗುತ್ತೆ ಅಂತ ನೋಡೋನು. 1905ರಲ್ಲಿ ಅವನು ಪ್ರೀಸ್ಟ್‌ಲಿ ಅನ್ನೋ ಸಹೋದ್ಯೋಗಿಯ ಜೊತೆ ಸೇರಿ ತೋರಿಸಿದ ವಿಷಯ ಇವತ್ತಿಗೂ ಈಜು ಕಲಿಯೋ ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಿರಲ್ಲ ಅನ್ನಿಸುತ್ತೆ.

ನಮಗೆ ಉಸಿರು ಬೇಕು ಅನ್ನಿಸೋದು ಆಮ್ಲಜನಕ ಕಡಿಮೆಯಾಗಿದ್ದಕ್ಕಲ್ಲ. ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿದ್ದಕ್ಕೆ.

ಮಿದುಳು ಕಾವಲು ಕಾಯೋದು ಈ ತ್ಯಾಜ್ಯವನ್ನು. ಅದು ಸ್ವಲ್ಪ ಏರಿದರೂ ಉಸಿರಾಟ ಜೋರಾಗುತ್ತೆ. ಆಮ್ಲಜನಕ ಸಾಕಷ್ಟು ಇಳಿಯೋವರೆಗೂ ಅದಕ್ಕೆ ದೊಡ್ಡ ಗಲಾಟೆ ಇಲ್ಲ. ನಾವು ಹೊರಗೆ ಬಿಡೋ ಉಸಿರಿನಲ್ಲೂ ಸುಮಾರು 16% ಆಮ್ಲಜನಕ ಉಳಿದೇ ಇರುತ್ತೆ. ಒಳಗೆ ಹೋಗಿದ್ದು 21%. ಅಂದರೆ ಅರ್ಧ ಕೊಳದಲ್ಲಿ ನಾವು ಒದ್ದಾಡೋವಾಗ ಶ್ವಾಸಕೋಶದಲ್ಲಿ ಆಮ್ಲಜನಕ ಇದೆ. ಕಸ ಹೊರಗೆ ಹೋಗಿಲ್ಲ, ಅದೇ ತೊಂದರೆ.

ಇದು ಗೊತ್ತಾದ ಮೇಲೆ ಕೊಳದ ದೃಶ್ಯ ಪೂರ್ತಿ ಬೇರೆ ಥರ ಕಾಣುತ್ತೆ. ಹೊಸಬರು ಮಾಡೋದೇನು? ಮುಖ ನೀರಿಗೆ ಹೋದ ತಕ್ಷಣ ಉಸಿರು ಬಿಗಿಹಿಡಿದುಬಿಡ್ತಾರೆ. ಮೂರನೇ ಕೈಗೆ ತಲೆ ತಿರುಗಿಸಿದಾಗ ಸಿಗೋದು ಅರ್ಧ ಸೆಕೆಂಡ್. ಅಷ್ಟರಲ್ಲಿ ಹಳೇದನ್ನು ಬಿಟ್ಟು ಹೊಸದನ್ನು ಎಳೀಬೇಕು. ಆಗಲ್ಲ. ಅರ್ಧ ಬಿಟ್ಟು ಅರ್ಧ ಎಳೆದು ಮತ್ತೆ ಮುಳುಗ್ತಾರೆ. ಮುಂದಿನ ಸಲ ಕಸ ಇನ್ನೂ ಜಾಸ್ತಿ. ನಾಲ್ಕು ಉಸಿರಾಗುವಷ್ಟರಲ್ಲಿ ಎದೆ ತುಂಬಿದೆ, ಆದರೂ ಉಸಿರು ಕಟ್ಟಿದೆ. ಅದಕ್ಕೇ ಮುಖ ನೀರಲ್ಲಿರೋವಾಗಲೇ ಗುಳುಗುಳು ಅಂತ ಬಿಡ್ತಾ ಇರಿ, ಮೇಲೆ ಬಂದಾಗ ಎಳೆಯೋದು ಮಾತ್ರ ಇರಲಿ ಅಂತ ಒಳ್ಳೇ ಕೋಚ್‌ಗಳು ಹೇಳೋದು. ನನ್ನ ಕೇಳಿದರೆ ಎಷ್ಟು ಕೈಗೊಂದು ಉಸಿರು ಅನ್ನೋ ಪ್ರಶ್ನೆಗಿಂತ ಮೊದಲು ಕೇಳಬೇಕಾಗಿದ್ದು ನೀರೊಳಗೆ ಬಿಡ್ತಿದೀರಾ ಅಂತ.

ಇಷ್ಟು 1905ಕ್ಕೇ ಗೊತ್ತಿತ್ತು. ಆದರೂ ಎಪ್ಪತ್ತು ವರ್ಷದ ಮೇಲೆ, ಜಗತ್ತಿನ ಅತ್ಯಂತ ಬುದ್ಧಿವಂತ ಈಜು ಕೋಚ್, ಕಡಿಮೆ ಉಸಿರಾಡಿ ಅಂತ ಹೇಳಿದ. ಎಲ್ಲರೂ ಕೇಳಿದರು.

ಅವನ ಹೆಸರು ಜೇಮ್ಸ್ ಕೌನ್ಸಿಲ್‌ಮನ್. ಎಲ್ಲರ ಬಾಯಲ್ಲೂ ಡಾಕ್ ಕೌನ್ಸಿಲ್‌ಮನ್. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ಪೈಲಟ್, ಆಮೇಲೆ ಪಿಎಚ್‌ಡಿ, ಆಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್. ಈಜನ್ನು ನೀರೊಳಗಿಂದ ಚಿತ್ರೀಕರಿಸಿ, ಕೈ ನಿಜಕ್ಕೂ ಯಾವ ದಾರಿಯಲ್ಲಿ ಹೋಗುತ್ತೆ ಅಂತ ಫ್ರೇಮ್ ಫ್ರೇಮ್ ನೋಡಿದವನು. 1968ರಲ್ಲಿ ಬಂದ ಅವನ ದ ಸೈನ್ಸ್ ಆಫ್ ಸ್ವಿಮ್ಮಿಂಗ್ ಪುಸ್ತಕ ದೇಶದೇಶದ ಕೋಚ್‌ಗಳ ಕೈಗೆ ಹೋಯಿತು. 1972ರಲ್ಲಿ ಮ್ಯೂನಿಕ್‌ನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಜ್ ಅವನ ಶಿಷ್ಯ. ಊಹೆಯಲ್ಲಿ ನಡೀತಿದ್ದ ಒಂದು ವಿದ್ಯೆಗೆ ಅಳತೆ ತಂದ ಮನುಷ್ಯ ಅವನು, ಅದರಲ್ಲಿ ಎರಡು ಮಾತಿಲ್ಲ.

1968ರ ಒಲಿಂಪಿಕ್ಸ್ ನಡೆದಿದ್ದು ಮೆಕ್ಸಿಕೊ ನಗರದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಮೇಲೆ. ತೆಳು ಗಾಳಿಯಲ್ಲಿ ಬಯಲುಸೀಮೆಯ ಓಟಗಾರರು ಸುಸ್ತಾದರೆ, ಎತ್ತರದಲ್ಲೇ ಬೆಳೆದ ಕೆನ್ಯಾದ ಕಿಪ್ ಕೈನೊ 1500 ಮೀಟರ್ ಗೆದ್ದ. ಆಗಿನಿಂದ ಕ್ರೀಡಾಲೋಕಕ್ಕೆಲ್ಲ ಬೆಟ್ಟದ ತರಬೇತಿಯ ಗುಂಗು. ಕೊಳವನ್ನು ಬೆಟ್ಟಕ್ಕೆ ಹೊತ್ಕೊಂಡು ಹೋಗೋಕಾಗಲ್ಲ. ಹಾಗಾದರೆ ಬೆಟ್ಟವನ್ನೇ ಕೊಳಕ್ಕೆ ತಂದರೆ? ಎರಡು ಕೈಗೊಂದು ತಗೊಳ್ಳೋ ಉಸಿರನ್ನು ನಾಲ್ಕಕ್ಕೆ, ಆರಕ್ಕೆ ತಗೊಳ್ಳಿ, ದೇಹಕ್ಕೆ ಆಮ್ಲಜನಕ ಕಡಿಮೆ ಸಿಗುತ್ತೆ, ಬೆಟ್ಟದ ಮೇಲಿದ್ದ ಹಾಗೆ ಅದು ಒಗ್ಗಿಕೊಳ್ಳುತ್ತೆ. 1970ರ ದಶಕದ ಮಧ್ಯದಲ್ಲಿ ಕೌನ್ಸಿಲ್‌ಮನ್ ಪ್ರಚಾರಕ್ಕೆ ತಂದ ಈ ಪದ್ಧತಿಯ ಹೆಸರು ಹೈಪಾಕ್ಸಿಕ್ ತರಬೇತಿ. ಅಂದರೆ ಆಮ್ಲಜನಕದ ಕೊರತೆಯ ತರಬೇತಿ.

ಮೊದಲಿಗೆ ಫಲಿತಾಂಶ ಏನಂತ ವಾದ ಮಾಡ್ತೀರಿ? 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ತಂಡಕ್ಕೆ ಕೌನ್ಸಿಲ್‌ಮನ್ನೇ ಮುಖ್ಯ ಕೋಚ್. 13 ಸ್ಪರ್ಧೆಗಳಲ್ಲಿ 12 ಚಿನ್ನ. ಅವನದೇ ವಿಶ್ವವಿದ್ಯಾಲಯದ ಜಿಮ್ ಮಾಂಟ್‌ಗೊಮರಿ 100 ಮೀಟರ್ ಫ್ರೀಸ್ಟೈಲನ್ನು 49.99 ಸೆಕೆಂಡಿನಲ್ಲಿ ಈಜಿ 50ರ ಗೋಡೆ ಒಡೆದ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಇಷ್ಟು ಗೆದ್ದವನ ಮಾತನ್ನು ಯಾರು ಪ್ರಶ್ನೆ ಮಾಡ್ತಾರೆ? ಮೂರು, ಐದು, ಏಳು ಅಂತ ಉಸಿರು ಎಣಿಸೋ ಅಭ್ಯಾಸ ಕೊಳದಿಂದ ಕೊಳಕ್ಕೆ ಹರಡಿತು. ತಂಡ ಗೆದ್ದಿದ್ದು ಈ ಅಭ್ಯಾಸದಿಂದಲೋ, ಇದಿದ್ದರೂ ಗೆದ್ದರೋ ಅಂತ ಬೇರ್ಪಡಿಸಿ ನೋಡೋ ತಾಳ್ಮೆ ಗೆದ್ದ ಸಂಭ್ರಮದಲ್ಲಿ ಯಾರಿಗಿರುತ್ತೆ. ನಮ್ಮ ಆಫೀಸುಗಳಲ್ಲೂ ಲಾಂಚ್ ಸಕ್ಸಸ್ ಆದರೆ ಆ ಟೀಮು ಬೆಳಿಗ್ಗೆ ನಿಂತುಕೊಂಡು ಮಾಡ್ತಿದ್ದ ಮೀಟಿಂಗನ್ನೂ ಎಲ್ಲರೂ ಕಾಪಿ ಹೊಡೀತಾರೆ.

ಶರೀರವಿಜ್ಞಾನಿಗಳು ಅಳೆದು ನೋಡಿದರು. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ರೇಗ್ ಅದರಲ್ಲಿ ಮುಖ್ಯನಾದವನು. 1980ರ ಆಸುಪಾಸಿನಲ್ಲಿ ಚಿತ್ರ ಸ್ಪಷ್ಟ ಆಯ್ತು. ಉಸಿರಿನ ಸಂಖ್ಯೆ ಕಡಿಮೆ ಮಾಡಿದರೆ ಈಜುಗಾರ ಒಂದೊಂದು ಉಸಿರನ್ನೂ ದೊಡ್ಡದಾಗಿ ಎಳೀತಾನೆ. ರಕ್ತದಲ್ಲಿ ಆಮ್ಲಜನಕ ಹೇಳಿಕೊಳ್ಳುವಷ್ಟು ಇಳಿಯಲ್ಲ. ಏರೋದು ಇಂಗಾಲದ ಡೈಆಕ್ಸೈಡ್. ಬೆಟ್ಟದ ಮೇಲೆ ಆಗೋದು ಇದಕ್ಕೆ ತದ್ವಿರುದ್ಧ. ಅಲ್ಲಿ ಆಮ್ಲಜನಕ ಕಡಿಮೆ, ಆದರೆ ಎಷ್ಟು ಬೇಕಾದರೂ ಏದುಸಿರು ಬಿಡಬಹುದು, ಕಸ ಸರಾಗ ಹೊರಗೆ ಹೋಗುತ್ತೆ. ಕೊಳದಲ್ಲಿ ತಂದಿದ್ದು ಬೆಟ್ಟವನ್ನಲ್ಲ, ಕಿಟಕಿ ಮುಚ್ಚಿದ ಕೋಣೆಯನ್ನು. ಹಾಲ್ಡೇನ್ ಕೂತಿದ್ದನಲ್ಲ, ಆ ಪೆಟ್ಟಿಗೆಯನ್ನು. ಅಂಥ ಅಭ್ಯಾಸದ ಮೇಲೆ ತಲೆನೋವು ಬರೋದು ಯಾಕೆ ಅಂತಾನೂ ಇದರಿಂದ ಗೊತ್ತಾಯ್ತು.

ಹಾಗಂತ ಪೂರ್ತಿ ದಂಡ ಅನ್ನೋಕೂ ಆಗಲ್ಲ. ಉಸಿರುಕಟ್ಟಿದ ಭಾವನೆಗೆ ಹೆದರದೆ ಇರೋದನ್ನು ಅದು ಕಲಿಸುತ್ತೆ, ಪಲ್ಟಿ ಹೊಡೆದು ತಿರುಗೋವಾಗ ಅದು ಉಪಯೋಗಕ್ಕೆ ಬರುತ್ತೆ. ಆದರೆ ಹೆಸರು ತಪ್ಪು, ಕಾರಣ ತಪ್ಪು. ಹೆಸರು ಮಾತ್ರ ಇವತ್ತಿಗೂ ಹೈಪಾಕ್ಸಿಕ್ ಸೆಟ್ ಅಂತಾನೇ ಇದೆ.

ಕ್ರೇಗ್‌ನ ಇನ್ನೊಂದು ಕೆಲಸ ಇದಕ್ಕಿಂತ ಮುಖ್ಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಚೆನ್ನಾಗಿ ಈಜು ಬರೋ ಆರೋಗ್ಯವಂತ ಯುವಕರು, ಆಳವಿಲ್ಲದ ಕೊಳದಲ್ಲಿ, ಸುತ್ತ ಜನ ಇರೋವಾಗಲೇ, ಸದ್ದಿಲ್ಲದೆ ನೀರೊಳಗೆ ಪ್ರಜ್ಞೆ ತಪ್ಪುತ್ತಿದ್ದರು. ಕೆಲವರು ಉಳೀತಿದ್ದರು, ಕೆಲವರು ಇಲ್ಲ. ಯಾಕೆ ಅಂತ ಕ್ರೇಗ್ 1961ರಲ್ಲಿ ವಿವರಿಸಿದ, 1976ರಲ್ಲಿ ಇಂಥ 58 ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದ. ಇಂಥವುಗಳಲ್ಲಿ ಮತ್ತೆ ಮತ್ತೆ ಕಾಣೋದು ಒಂದೇ ಥರ. ಮುಳುಗುವ ಮೊದಲು ದಂಡೆಯಲ್ಲಿ ನಿಂತು ಜೋರಾಗಿ ಹತ್ತಾರು ಸಲ ಉಸಿರು ಎಳೆದು ಬಿಡೋದು. ಆಮ್ಲಜನಕ ತುಂಬಿಕೊಳ್ತಿದೀನಿ ಅಂತ ಅಂದ್ಕೊಂಡಿರ್ತಾರೆ. ರಕ್ತ ಆಗಲೇ ಆಮ್ಲಜನಕದಿಂದ ತುಂಬಿರುತ್ತೆ, ಅದಕ್ಕೆ ಇನ್ನಷ್ಟು ಹಿಡಿಯಲ್ಲ. ನಿಜಕ್ಕೂ ಆಗೋದು ಇಂಗಾಲದ ಡೈಆಕ್ಸೈಡ್ ಖಾಲಿಯಾಗೋದು. ಅಂದರೆ ಅಲಾರ್ಮಿನ ತಂತಿಯನ್ನು ಕೈಯಾರೆ ಕಿತ್ತು ಹಾಕಿದ ಹಾಗೆ. ಆಮೇಲೆ ನೀರೊಳಗೆ ಆಮ್ಲಜನಕ ಇಳೀತಾ ಹೋಗುತ್ತೆ, ಕಸ ಏರೋಕೆ ಹೊತ್ತು ಹಿಡಿಯುತ್ತೆ, ಉಸಿರು ಬೇಕು ಅನ್ನೋ ಕೂಗು ಬರೋ ಮೊದಲೇ ಮಿದುಳು ಆರಿಹೋಗುತ್ತೆ. ಒದ್ದಾಟ ಇಲ್ಲ, ಕೂಗಾಟ ಇಲ್ಲ. ಮೇಲಿಂದ ನೋಡೋರಿಗೆ ಇನ್ನೂ ಈಜ್ತಿದಾನೆ ಅಂತಾನೇ ಕಾಣುತ್ತೆ.

ನಮ್ಮಲ್ಲಿ ಬಾವಿ, ಕೆರೆಯಲ್ಲಿ ಯಾರು ಜಾಸ್ತಿ ಹೊತ್ತು ಮುಳುಗಿರ್ತಾರೆ ಅಂತ ಪಂದ್ಯ ಕಟ್ಟದ ಹುಡುಗರಿಲ್ಲ. ಈಗ ಅದೇ ಪಂದ್ಯ ಕ್ಲಬ್ಬಿನ ಕೊಳದಲ್ಲಿ, ಇಡೀ ಕೊಳ ಒಂದೇ ಉಸಿರಲ್ಲಿ ಅನ್ನೋ ಚಾಲೆಂಜ್ ಆಗಿದೆ. ಜೊತೆಗೆ ದಂಡೆಯಲ್ಲಿ ಕೂತು ಭಸ್ತ್ರಿಕಾ ಮಾಡಿ ನೀರಿಗೆ ಬೀಳೋರನ್ನೂ ನೋಡಿದೀನಿ. ಪ್ರಾಣಾಯಾಮಕ್ಕೆ ನನ್ನ ಆಕ್ಷೇಪ ಏನಿಲ್ಲ. ಅದು ಚಾಪೆಯ ಮೇಲಿನ ವಿದ್ಯೆ. ಚಾಪೆಯ ಮೇಲೆ ಪ್ರಜ್ಞೆ ತಪ್ಪಿದರೆ ದೇಹ ತಾನೇ ಉಸಿರಾಡಿ ಎದ್ದು ಕೂರುತ್ತೆ, ನೀರೊಳಗೆ ತಪ್ಪಿದರೆ ಅದೇ ದೇಹ ನೀರನ್ನು ಎಳೆದುಕೊಳ್ಳುತ್ತೆ.

ಉಸಿರು ಹಿಡಿಯೋರಿಗೆ ಪದಕ ಸಿಕ್ಕಿದ ಕಾಲವೂ ಇತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಜಪಾನಿನ ಮಸಾರು ಫುರುಕಾವಾ ದಾರಿಯ ಬಹುಪಾಲನ್ನು ನೀರೊಳಗೇ ಈಜಿ ಚಿನ್ನ ಗೆದ್ದ. ಮೇಲ್ಮೈಯ ಅಲೆಗಳಿಲ್ಲದ ಕಡೆ ನೀರಿನ ಅಡ್ಡಿ ಕಡಿಮೆ. ಬುದ್ಧಿವಂತಿಕೆಯ ಮಾತೇ. ಆದರೆ ಎಲ್ಲರೂ ಅದನ್ನೇ ಹಿಡಿದರೆ ಸ್ಪರ್ಧೆ ಈಜಿನದ್ದಾಗಲ್ಲ, ಯಾರು ಪ್ರಜ್ಞೆ ತಪ್ಪಲ್ಲ ಅನ್ನೋದರದ್ದಾಗುತ್ತೆ. ಒಲಿಂಪಿಕ್ಸ್ ಮುಗಿದ ಮೇಲೆ ನಿಯಮ ಬದಲಾಯಿಸಿ ಅದನ್ನು ನಿಲ್ಲಿಸಿದರು.

ಉಸಿರೇ ಶತ್ರುವಾದವರ ಕಥೆ ಇನ್ನೊಂದಿದೆ. ರಿಕ್ ಡಿಮಾಂಟ್, ಅಮೆರಿಕದ ಹುಡುಗ, ಚಿಕ್ಕಂದಿನಿಂದ ಆಸ್ತಮಾ. 1972ರ ಮ್ಯೂನಿಕ್‌ನಲ್ಲಿ 16ನೇ ವಯಸ್ಸಿಗೆ 400 ಮೀಟರ್ ಫ್ರೀಸ್ಟೈಲ್ ಗೆದ್ದ. ಆಮೇಲೆ ಪರೀಕ್ಷೆಯಲ್ಲಿ ಎಫೆಡ್ರಿನ್ ಸಿಕ್ಕಿತು. ಅದು ಅವನ ಆಸ್ತಮಾ ಮಾತ್ರೆಯಲ್ಲಿದ್ದದ್ದು. ತಗೊಳ್ತಿರೋ ಔಷಧ ಇದು ಅಂತ ಅವನು ತನ್ನ ತಂಡದವರಿಗೆ ಬರೆದುಕೊಟ್ಟಿದ್ದ. ಅದನ್ನು ಮುಂದಕ್ಕೆ ತಿಳಿಸೋ ಕೆಲಸ ದೊಡ್ಡವರು ಮಾಡಿರಲಿಲ್ಲ. ಚಿನ್ನ ಹೋಯಿತು, 1500 ಮೀಟರ್ ಫೈನಲ್ಲಿಗೂ ಇಳಿಸಲಿಲ್ಲ. ಮರುವರ್ಷ ಬೆಲ್‌ಗ್ರೇಡಿನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ 400 ಮೀಟರನ್ನು 3 ನಿಮಿಷ 58.18 ಸೆಕೆಂಡಿನಲ್ಲಿ ಈಜಿ, ನಾಲ್ಕು ನಿಮಿಷದೊಳಗೆ ಮುಗಿಸಿದ ಮೊದಲಿಗನಾದ. ತಮ್ಮ ಕಡೆಯಿಂದಲೇ ತಪ್ಪಾಗಿತ್ತು ಅಂತ ಅಮೆರಿಕದ ಒಲಿಂಪಿಕ್ ಸಮಿತಿ ಒಪ್ಪಿಕೊಳ್ಳೋಕೆ 2001 ಬರಬೇಕಾಯ್ತು. ಪದಕ ವಾಪಸ್ ಬರಲಿಲ್ಲ. ಎದೆ ಬಿಗಿಯೋ ಕಾಯಿಲೆಯವನು ಜಗತ್ತಿನಲ್ಲೇ ಬೇಗ ಈಜಿದ್ದು ಉಸಿರನ್ನು ಉಳಿತಾಯ ಮಾಡಿ ಅಲ್ಲ ಅನ್ನೋದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಈಗ ನಮ್ಮ ಮೂರಕ್ಕೆ ಬರೋಣ. ನನ್ನ ಲೆಕ್ಕದಲ್ಲಿ ಅದಕ್ಕೆ ಎರಡು ಬೇರು. ಒಂದು ಒಳ್ಳೇದು. ಮೂರು ಬೆಸ ಸಂಖ್ಯೆ, ಹಾಗಾಗಿ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಉಸಿರು ಬರುತ್ತೆ. ಕತ್ತು ಎರಡೂ ಕಡೆ ಹೊರಳೋದು ಕಲಿಯುತ್ತೆ, ಭುಜಕ್ಕೆ ಸಮನಾಗಿ ಕೆಲಸ ಬೀಳುತ್ತೆ, ಈಜು ಒಂದೇ ಕಡೆ ವಾಲಲ್ಲ. ಕಡಲಲ್ಲಿ ಈಜುವವರಿಗಂತೂ ಅಲೆ ಒಂದು ಕಡೆಯಿಂದ ಬಂದರೆ ಇನ್ನೊಂದು ಕಡೆ ತಿರುಗೋಕೆ ಬರಲೇಬೇಕು. ಇನ್ನೊಂದು ಬೇರು ಎಪ್ಪತ್ತರ ದಶಕದ್ದು. ಕಡಿಮೆ ಉಸಿರು ಅಂದರೆ ಗಟ್ಟಿಗತನ ಅನ್ನೋದು. ಮೊದಲನೇದು ಅಭ್ಯಾಸಕ್ಕೆ ಹೇಳಿದ ಮಾತು. ಎರಡನೇದು ಸೇರ್ಕೊಂಡು ಅದು ಕಾನೂನಾಗಿಬಿಡ್ತು.

ಗೆಲ್ಲೋರು ಏನ್ ಮಾಡ್ತಾರೆ? 50 ಮೀಟರ್ ಸ್ಪರ್ಧೆ ಇಪ್ಪತ್ತು ಚಿಲ್ಲರೆ ಸೆಕೆಂಡಿನಲ್ಲಿ ಮುಗಿದುಹೋಗುತ್ತೆ. ಅಲ್ಲಿ ಅನೇಕರು ಒಂದು ಸಲ ಉಸಿರಾಡಿದರೆ ಹೆಚ್ಚು, ಕೆಲವರು ಅದೂ ಇಲ್ಲ. ಅಷ್ಟು ಹೊತ್ತಿಗೆ ಸ್ನಾಯುವಿನಲ್ಲಿರೋ ದಾಸ್ತಾನೇ ಸಾಕು, ತಲೆ ತಿರುಗಿಸೋ ನಷ್ಟವೇ ದೊಡ್ಡದು. 400 ದಾಟಿದ ಮೇಲೆ ಕಥೆ ತಿರುಗುತ್ತೆ. 2016ರ ರಿಯೊದಲ್ಲಿ 800 ಮೀಟರನ್ನು 8 ನಿಮಿಷ 4.79 ಸೆಕೆಂಡಿನಲ್ಲಿ ಈಜಿದ ಕೇಟಿ ಲೆಡೆಕಿಯ ವಿಡಿಯೊ ಹಾಕಿ ನೋಡಿ. ಹೆಚ್ಚಾಗಿ ಒಂದೇ ಕಡೆಗೆ, ಎರಡು ಕೈಗೊಂದು ಉಸಿರು. ಸ್ವಲ್ಪ ಕುಂಟಿದ ಹಾಗೆ, ಕುದುರೆ ನಾಗಾಲೋಟದಲ್ಲಿ ಹೋದ ಹಾಗೆ ಕಾಣುತ್ತೆ. ಸಮತೋಲನದ ಪಾಠಕ್ಕೆ ಅದು ಚೆಂದದ ಚಿತ್ರ ಅಲ್ಲ. ಅವಳ ಹತ್ತಿರ ಯಾರೂ ಇರಲಿಲ್ಲ ಅನ್ನೋದು ಬೇರೆ ಮಾತು.

ಇವೆರಡರ ನಡುವೆ 200 ಮೀಟರ್ ಇದೆ. ಉಸಿರು ಹಿಡಿದು ಮುಗಿಸೋಕೆ ಉದ್ದ ಜಾಸ್ತಿ, ಆರಾಮಾಗಿ ಉಸಿರಾಡ್ತಾ ಹೋಗೋಕೆ ಗಿಡ್ಡ. ಬೆಂಗಳೂರಿನ ನಿಶಾ ಮಿಲೆಟ್ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ್ದು ಇದನ್ನೇ. 2024ರಲ್ಲಿ ಪ್ಯಾರಿಸ್‌ಗೆ ಹೋದಾಗ 14 ವರ್ಷದವಳಾಗಿದ್ದ ನಮ್ಮೂರಿನ ಇನ್ನೊಬ್ಬಳು, ಧಿನಿಧಿ ದೇಸಿಂಗು, ಈಜಿದ್ದೂ ಇದನ್ನೇ. ಮೊದಲ ಉದ್ದದಲ್ಲಿ ಉಸಿರು ಬಿಟ್ಟುಕೊಟ್ಟವರು ಕೊನೆಯ ಉದ್ದದಲ್ಲಿ ಅದರ ಸಾಲ ಬಡ್ಡಿ ಸಮೇತ ತೀರಿಸಬೇಕಾಗೋ ಓಟ ಇದು.

ನಮಗೆ ಪದಕ ಬೇಕಿಲ್ಲ, ಹತ್ತು ಉದ್ದ ಒಂದೇ ಸಮ ಈಜಿದರೆ ಸಾಕು. ಅದಕ್ಕೆ ಎರಡಕ್ಕೊಂದು ಉಸಿರು ತಗೊಂಡರೆ ಯಾರೂ ದಂಡ ಹಾಕಲ್ಲ. ಹೋಗೋವಾಗ ಬಲಕ್ಕೆ, ಬರೋವಾಗ ಎಡಕ್ಕೆ ತಿರುಗಿಸಿದರೆ ಎರಡೂ ಕಡೆಯ ಅಭ್ಯಾಸವೂ ಆಯ್ತು, ನಿಮಿಷಕ್ಕೆ 30 ಉಸಿರೂ ಸಿಕ್ತು. ಮೂರನ್ನು ಬೆಚ್ಚಗಾಗೋ ಮೊದಲ ನಾಲ್ಕು ಉದ್ದಕ್ಕೆ ಇಟ್ಟುಕೊಳ್ಳಿ. ಐದು, ಏಳು ಮಾಡಲೇಬೇಕು ಅನ್ನಿಸಿದರೆ ದಂಡೆಯಲ್ಲಿ ನಿಮ್ಮನ್ನೇ ನೋಡ್ತಾ ಒಬ್ಬರು ನಿಂತಿರಲಿ, ಮುಳುಗೋ ಮೊದಲು ಜೋರುಸಿರು ಬೇಡ.

ಅಂತರರಾಷ್ಟ್ರೀಯ ಈಜು ಸಂಸ್ಥೆಯ ನಿಯಮಪುಸ್ತಕದಲ್ಲಿ ಫ್ರೀಸ್ಟೈಲಿನ ಭಾಗ ಅರ್ಧ ಪುಟವೂ ಇಲ್ಲ. ಎಷ್ಟು ಸಲ ಉಸಿರಾಡಬೇಕು ಅಂತ ಅದರಲ್ಲಿ ಒಂದು ಅಕ್ಷರವೂ ಇಲ್ಲ. ಉಸಿರಿಗೆ ಹತ್ತಿರದ ಮಾತು ಅಂತಿದ್ದರೆ ಒಂದೇ, 1998ರಲ್ಲಿ ಸೇರಿಸಿದ್ದು. ಹಾರಿದ ಮೇಲೆ, ಪ್ರತಿ ತಿರುವಿನ ಮೇಲೆ, 15 ಮೀಟರ್ ಆಗೋದರೊಳಗೆ ತಲೆ ನೀರಿನಿಂದ ಹೊರಗೆ ಬಂದಿರಬೇಕು.